ಹಳೆ ಮ್ಯಾಸಿ 1035ಕ್ಕೆ ಪಾರ್ಟು: ನಮ್ಮದೇ ಸಾಕೋ, ಫಾರಿನ್ ಬೇಕೋ?

ಮೊದಲೇ ಹೇಳಿಬಿಡುತ್ತೇನೆ. ಹಳೆ ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿದರೆ ಸಿಂಪ್ಸನ್ ಮುದ್ರೆಯ ದೇಸಿ ಪಾರ್ಟನ್ನೇ ಹಾಕಿ. ಇಂಗ್ಲೆಂಡಿನಿಂದ ತರಿಸುವ, ಅಲ್ಲಿನ ಹಳೆ ಟ್ರ್ಯಾಕ್ಟರ್ ಮ್ಯಾಸಿ 35ರ ರಿಪೇರಿ ಕಿಟ್ಟು ಕಳಪೆಯೇನಲ್ಲ, ಆದರೆ ಅದರ ಅಳತೆ ಆ ಗಾಡಿಯದು. 1960ರಲ್ಲಿ ಚೆನ್ನೈಯಲ್ಲಿ ಶುರುವಾದ ಟಾಫೆ ಕಂಪನಿ 1035 ಗಾಡಿ ಕಟ್ಟಿತು, ಅದೇ ಊರಿನ ಸಿಂಪ್ಸನ್ ಕಂಪನಿ ಇಂಗ್ಲೆಂಡಿನ ಪರ್ಕಿನ್ಸ್ ಮೂಲದ ಮೂರು ಸಿಲಿಂಡರ್ ಇಂಜಿನ್ ಕೊಟ್ಟಿತು. ಎರಡು ಗಾಡಿಗೂ ಮೂಲ ಒಂದೇ, ಹಾಗಾಗಿ ಎಲ್ಲ ಪಾರ್ಟೂ ಕೂರುತ್ತದೆ ಅಂದುಕೊಂಡರೆ ದುಡ್ಡು ಹೋಯಿತು ಅಂತಲೇ ಲೆಕ್ಕ.

ಪಿಸ್ಟನ್, ಲೈನರ್ ವಿಷಯವನ್ನೇ ನೋಡಿ. ಇಂಗ್ಲೆಂಡಿನ 35ರ ಮೂರು ಸಿಲಿಂಡರ್ ಇಂಜಿನ್ 152 ಘನ ಇಂಚಿನದು, ಸುಮಾರು 2500 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 91.4 ಮಿ.ಮೀ. ನಮ್ಮ 1035 ಡಿಐ 2400 ಸಿಸಿ ಲೆಕ್ಕದ್ದು. ವರ್ನಿಯರ್ ಹಿಡಿದು ಬೋರ್ ಅಳೆಯದೆ ಹೊರಗಿನ ಕಿಟ್ಟಿಗೆ ಆರ್ಡರ್ ಕೊಡಲೇಬೇಡಿ. ಇನ್ನೊಂದು ತೊಡಕೂ ಇದೆ. ಅಲ್ಲಿನ 35 ಮೊದಮೊದಲು ನಾಲ್ಕು ಸಿಲಿಂಡರಿನ ಸ್ಟ್ಯಾಂಡರ್ಡ್ 23ಸಿ ಇಂಜಿನ್ನಿನಲ್ಲೂ ಬಂದಿತ್ತು. ಬರೀ '35ರ ಗ್ಯಾಸ್ಕೆಟ್ ಸೆಟ್' ಅಂತ ಕೇಳಿದರೆ ಅದೂ ಬರಬಹುದು, ವಾಪಸ್ ಕಳಿಸುವ ಖರ್ಚಿಗೆ ಇಲ್ಲಿ ಇನ್ನೊಂದು ಸೆಟ್ಟು ಸಿಗುತ್ತದೆ.

ಇಷ್ಟೆಲ್ಲಕ್ಕಿಂತ ಹೆಚ್ಚು ಕಾಡುವುದು ಕ್ರ್ಯಾಂಕಿನ, ಅಂದರೆ ಇಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡದ, ಹಿಂದಿನ ತುದಿಯ ಆಯಿಲ್ ಸೀಲು. ಹಳೆ ಇಂಜಿನ್ನಿನಲ್ಲಿ ಅದು ರಬ್ಬರ್ ಬಳೆಯಲ್ಲ, ಎರಡು ತುಂಡಿನ ಹೌಸಿಂಗ್ (ಕವಚ) ಒಳಗೆ ಕೂರುವ ಹಗ್ಗದ ಸೀಲು. ಕ್ರ್ಯಾಂಕಿನ ಮೇಲೆ ಆ ಜಾಗದಲ್ಲಿ ಆಯಿಲನ್ನು ಒಳಕ್ಕೆ ತಳ್ಳುವ ಸುರುಳಿ ಗೀರು ಇರುತ್ತದೆ. ಮುಂದೆ ಬಂದ 152 ಇಂಜಿನ್ನುಗಳಿಗೆ ಗುಂಡಗಿನ ಲಿಪ್ ಸೀಲು ಬಂತು, ಅದರ ಹೌಸಿಂಗೇ ಬೇರೆ. '152 ಸೀರೀಸ್' ಎಂದು ಬರೆದ ಹೊರಗಿನ ಬಾಟಮ್ ಸೆಟ್ಟಿನಲ್ಲಿ (ಇಂಜಿನ್ನಿನ ಕೆಳಭಾಗದ ಗ್ಯಾಸ್ಕೆಟ್, ಸೀಲುಗಳ ಸೆಟ್ಟು) ಆ ಲಿಪ್ ಸೀಲು ಇಟ್ಟಿದ್ದರೆ ನಮ್ಮ ಹಳೆ ಗಾಡಿಗೆ ಅದರಿಂದ ಏನೂ ಉಪಯೋಗವಿಲ್ಲ. ಇದು ಗೊತ್ತಾಗುವ ಹೊತ್ತಿಗೆ ಟ್ರ್ಯಾಕ್ಟರ್ ನಡುವಿನಿಂದ ಎರಡು ಭಾಗವಾಗಿ, ಕ್ಲಚ್ಚು ಫ್ಲೈವೀಲ್ ಕಳಚಿ ನೆಲದ ಮೇಲಿರುತ್ತವೆ. ಹೊರಗೆ ಮುಂಗಾರು ಮಳೆ ಬಿದ್ದು ಹದ ಬಂದಿರುತ್ತದೆ.

ದೇಸಿಯಲ್ಲೂ ಒಂದು ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಉರುಳೆಯಿಂದ ಕತ್ತರಿಸಿ ಕೊಡುವ ಬಿಡಿ ಹಗ್ಗ ಬೇಡವೇ ಬೇಡ. ದಪ್ಪ ಕಮ್ಮಿಯಿದ್ದರೆ ಮೊದಲ ದಿನದಿಂದಲೇ ಸೋರುತ್ತದೆ, ಜಾಸ್ತಿಯಿದ್ದರೆ ಉಜ್ಜಿ ಕರಿಕಾಗಿ ಗಾಜಿನಂತೆ ಗಟ್ಟಿಯಾಗಿ ಆಮೇಲೆ ಸೋರುತ್ತದೆ. ಕಂಪನಿ ಪ್ಯಾಕಿನ ತುಂಡನ್ನೇ ತನ್ನಿ, ಕೂರಿಸುವುದು ಹೀಗೆ. ಹೌಸಿಂಗಿನ ತೋಡು ಸ್ವಚ್ಛ ಮಾಡಿ, ಹಗ್ಗದ ಎರಡೂ ತುದಿಯ ಒಂದೊಂದು ಇಂಚನ್ನು ಮೊದಲು ಒತ್ತಿ ಕೂರಿಸಿ. ತುದಿ ಹೌಸಿಂಗಿನ ಮುಖದಿಂದ 0.25ರಿಂದ 0.50 ಮಿ.ಮೀ. ಮಾತ್ರ ಹೊರಗೆ ನಿಲ್ಲಬೇಕು, ಸಂದಿ ಅಳೆಯುವ ಫೀಲರ್ ಗೇಜ್ ಇಟ್ಟೇ ನೋಡಿ. ಉಳಿದದ್ದನ್ನು ನಡುವಿನಿಂದ ತುದಿಯ ಕಡೆಗೆ ಒತ್ತುತ್ತಾ ಹೋಗಿ, ನಯವಾದ ಗುಂಡು ಸರಳನ್ನು ಉರುಳಿಸಿ ಹದ ಮಾಡಿ, ಒಳಮೈಗೆ ಗ್ರಾಫೈಟ್ ಗ್ರೀಸ್ ಸವರಿ.

ಎರಡು ಅರ್ಧಗಳನ್ನು ಕ್ರ್ಯಾಂಕಿನ ಸುತ್ತ ಜೋಡಿಸಿದ ಮೇಲೆ ಇಡೀ ಹೌಸಿಂಗನ್ನು ಅತ್ತಿತ್ತ ತಿರುಗಿಸಿ ಹಗ್ಗ ಕೂರಲು ಬಿಡಿ. ಬ್ಲಾಕಿಗೆ ಹಾಕುವ ಬೋಲ್ಟುಗಳೂ ಅರ್ಧಗಳನ್ನು ಹಿಡಿಯುವ ಸ್ಕ್ರೂಗಳೂ ಪೂರ್ತಿ ಬಿಗಿಯಾಗಿರಬೇಕು. ಎದ್ದು ನಿಂತ ತುದಿಯನ್ನು ಬ್ಲೇಡಿನಿಂದ ಸಮ ಕತ್ತರಿಸುವವರೂ ಇದ್ದಾರೆ, ಆಮೇಲೆ ಸೋರುವುದು ಸರಿಯಾಗಿ ಆ ಜೋಡಣೆಯಲ್ಲೇ.

ಗಾಡಿ ಎರಡು ಮಾಡುವ ಮುಂಚೆ ಬ್ರೀದರ್ (ಇಂಜಿನ್ನಿನ ಗಾಳಿ ಹೊರಬಿಡುವ ಕೊಳವೆ) ಕಟ್ಟಿಕೊಂಡಿದೆಯಾ ನೋಡಿ. ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಏರಿದರೆ ಹೊಸ ಸೀಲೂ ಸೋರುತ್ತದೆ.

ಡೀಸೆಲ್ ಪಂಪಿನಲ್ಲಿ ನಮ್ಮದೇ ಮುಂದು. ಕೆಲವು 1035ರಲ್ಲಿ ಇನ್‌ಲೈನ್ ಪಂಪು ಇರುತ್ತದೆ, ಇಂಗ್ಲೆಂಡಿನ 35ರದ್ದು ಸಿಎವಿ ಕಂಪನಿಯ ಡಿಪಿಎ ಎಂಬ ರೋಟರಿ ಪಂಪು. ಡಿಪಿಎಯ ಹೆಡ್ಡು ಮತ್ತು ರೋಟರ್ ಜೋಡಿಯಾಗಿ ಉಜ್ಜಿ ಕೂರಿಸಿದವು, ಬಿಡಿಯಾಗಿ ಬದಲಿಸಬೇಡಿ. ನಾಜಲ್ಲು, ತಾಮ್ರದ ವಾಷರು ಇಲ್ಲಿಯವೇ ಸಾಕು. ಕ್ಲಚ್ ಪ್ಲೇಟ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ ನಡುವಿನ ತೂತಿನೊಳಗಿನ ಸ್ಪ್ಲೈನ್ ಹಲ್ಲು ಎಣಿಸಿ.

ಹೊರಗಿನದು ಗೆಲ್ಲುವುದು ಹೊರನೋಟದ ವಿಷಯದಲ್ಲಿ: ಮೀಟರು, ಬ್ಯಾಡ್ಜು, ಬಾನೆಟ್ಟಿನ ತಗಡು. ಮೂಲ 35 ಅನ್ನು ಹಬ್ಬಕ್ಕೆ ಸಿಂಗಾರ ಮಾಡಿ ಇಡುವವರಿಗೆ ಅದು ಸರಿ. ಗದ್ದೆ ಕೆಸರಿಗೆ ಕೇಜ್ ವೀಲ್ ಹಾಕಿ ಇಳಿಸುವ ಗಾಡಿಗೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಳಿಗ್ಗೆ ಕೊಂಡು ಸಂಜೆ ಬಸ್ಸಿಗೆ ಹಾಕಿಸಬಹುದಾದ ಪಾರ್ಟೇ ನನ್ನ ಆಯ್ಕೆ. ಕಸ್ಟಮ್ಸ್ ಸುಂಕ ಕಟ್ಟಿ ಮೂರು ವಾರ ಕಾಯುವಷ್ಟರಲ್ಲಿ ಬಿತ್ತನೆ ಮುಗಿದಿರುತ್ತದೆ.

ಕೊನೆಗೆ ಕ್ಲಚ್ ಹೌಸಿಂಗಿನ ತಳದ ತೂತಿನಲ್ಲಿ ನೇತಾಡುವ ಕಾಟರ್ ಪಿನ್ನನ್ನು ವಾಪಸ್ ಹಾಕಿಸಿ. ಅದು ಅಲ್ಲಾಡುತ್ತಾ ತೂತನ್ನು ತೆರೆದಿಡುತ್ತದೆ. ಅಲ್ಲಿಂದ ತೊಟ್ಟಿಕ್ಕಿದ ಹನಿಯನ್ನು ಬೆರಳಿಗೆ ಹಚ್ಚಿ ನೋಡಿ: ಕಪ್ಪಗಿದ್ದು ಸುಟ್ಟ ಡೀಸೆಲ್ ವಾಸನೆ ಬಂದರೆ ಹಗ್ಗದ ಸೀಲು, ತಿಳಿಹೊಂಬಣ್ಣಕ್ಕೆ ಗಾಟು ವಾಸನೆಯಿದ್ದರೆ ಗೇರ್‌ಬಾಕ್ಸಿನ ಇನ್‌ಪುಟ್ ಸೀಲು.