ಫಿಟ್ ಇಂಡಿಯಾ ಆ್ಯಪ್: ದೇಹದ ಸಾಮರ್ಥ್ಯವನ್ನು ಬಿಡಿಬಿಡಿಯಾಗಿ ತೋರಿಸುವ ಪರೀಕ್ಷೆಗಳು

2021ರ ಆಗಸ್ಟ್ 29ರ ರಾಷ್ಟ್ರೀಯ ಕ್ರೀಡಾ ದಿನದಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಫಿಟ್ ಇಂಡಿಯಾ ಆ್ಯಪ್ ಉಚಿತವಾಗಿ ಸಿಗುತ್ತದೆ. ಹೆಜ್ಜೆ, ನಿದ್ದೆ, ಕುಡಿದ ನೀರು ಇವುಗಳ ಲೆಕ್ಕ ಬೇರೆ ಹತ್ತಾರು ಆ್ಯಪ್‌ಗಳಲ್ಲೂ ಇರುವುದರಿಂದ ಆ ಭಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಇದರ ನಿಜವಾದ ಬೆಲೆಯಿರುವುದು, 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ವಯೋಮಾನವಾರು ಫಿಟ್‌ನೆಸ್ ಮಾರ್ಗಸೂಚಿಯನ್ನು ಆಧರಿಸಿದ ಪರೀಕ್ಷೆಗಳಲ್ಲಿ.

ತೆಳ್ಳಗಿದ್ದರೆ ಅಥವಾ ದಿನಾ ವಾಕಿಂಗ್ ಮಾಡಿದರೆ ಫಿಟ್ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಈ ಪರೀಕ್ಷೆಗಳು ಅದನ್ನು ಒಪ್ಪುವುದಿಲ್ಲ. ಹೃದಯ ಮತ್ತು ಶ್ವಾಸಕೋಶಗಳ ತಾಳಿಕೆಗೆ ಓಟ ಅಥವಾ ನಡಿಗೆ, ಸ್ನಾಯುಗಳ ತಾಳಿಕೆಗೆ ಪುಷ್‌ಅಪ್, ಸಮತೋಲನಕ್ಕೆ ವೃಕ್ಷಾಸನ, ನಮ್ಯತೆಗೆ ಕಾಲು ಚಾಚಿ ಕುಳಿತು ಮುಂದಕ್ಕೆ ಬಾಗುವುದು ಹೀಗೆ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಅಳೆಯುವುದರಿಂದ, ಒಂದರಲ್ಲಿ ಮುಂದಿರುವವರು ಇನ್ನೊಂದರಲ್ಲಿ ಎಷ್ಟು ಹಿಂದಿದ್ದಾರೆ ಎಂಬುದು ತಕ್ಷಣ ಕಾಣುತ್ತದೆ.

ನನಗೆ ಅತ್ಯಂತ ಉಪಯುಕ್ತವೆನಿಸಿದ್ದು 65 ದಾಟಿದವರಿಗಾಗಿ ಇರುವ ಕುರ್ಚಿ ಪರೀಕ್ಷೆ. ಸುಮಾರು 17 ಇಂಚು ಎತ್ತರದ, ಕೈಗಳಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಹಿಡಿದು, 30 ಸೆಕೆಂಡುಗಳಲ್ಲಿ ಎಷ್ಟು ಬಾರಿ ಪೂರ್ತಿ ಎದ್ದು ನಿಲ್ಲಬಹುದು ಎಂದು ಎಣಿಸಬೇಕು. ನಿತ್ಯ ಬೆಳಿಗ್ಗೆ ಪಾರ್ಕಿನಲ್ಲಿ ದಣಿವಿಲ್ಲದೆ ಸುತ್ತು ಹಾಕುವ ನಮ್ಮ ತಾಯಿಯವರು ಕೆಲವೇ ಸಲ ಎದ್ದಮೇಲೆ ತೊಡೆ ನಡುಗಿ ನಿಲ್ಲಿಸಿದರು. ನಡಿಗೆಯಿಂದ ಅವರ ಉಸಿರು ಪಳಗಿತ್ತು, ಆದರೆ ಕಾಲಿನ ಬಲ ಬೆಳೆದಿರಲಿಲ್ಲ. ವಯಸ್ಸಾದವರು ಬಚ್ಚಲಿನಲ್ಲಿ, ಮೆಟ್ಟಿಲಿನಲ್ಲಿ ಬೀಳುವುದಕ್ಕೆ ತೊಡೆಯ ಬಲ ಮತ್ತು ಸಮತೋಲನ ಕುಗ್ಗುವುದೂ ಮುಖ್ಯ ಕಾರಣವಾದ್ದರಿಂದ, ಇದು ಬೇಗ ತಿಳಿದಷ್ಟೂ ಒಳ್ಳೆಯದು. ಈಗ ಅವರು ಊಟದ ಮೇಜಿನ ಪಕ್ಕದ ಕುರ್ಚಿಯಲ್ಲೇ ದಿನಕ್ಕೆರಡು ಬಾರಿ ಅಭ್ಯಾಸ ಮಾಡುತ್ತಿದ್ದಾರೆ.

ಕೊರತೆಗಳೂ ಇವೆ. ಉಪಕರಣವಿಲ್ಲದೆ ಮನೆಯಲ್ಲೇ ಮಾಡುವ ಪರೀಕ್ಷೆಗಳಾದ್ದರಿಂದ ಸ್ನಾಯುಗಳ ಗರಿಷ್ಠ ಬಲದ ಅಳತೆ ದುರ್ಬಲವಾಗಿದೆ; ಪುಷ್‌ಅಪ್‌ಗಳ ಸಂಖ್ಯೆ ಹೇಳುವುದು ಬಹುಮಟ್ಟಿಗೆ ತಾಳಿಕೆಯನ್ನು, ಒಮ್ಮೆಗೆ ಎಷ್ಟು ಭಾರ ಎತ್ತಬಲ್ಲಿರಿ ಎಂಬುದನ್ನಲ್ಲ. ದೇಹ ಸಂಯೋಜನೆಗೆ, ಅಂದರೆ ದೇಹದಲ್ಲಿ ಕೊಬ್ಬು, ಸ್ನಾಯು ಎಷ್ಟೆಷ್ಟು ಎಂಬುದಕ್ಕೆ, ಬಿಎಂಐ ಮಾತ್ರ ನೆಚ್ಚಿಕೊಂಡಿರುವುದು ಇನ್ನೂ ದೊಡ್ಡ ಕೊರತೆ ಎಂಬುದು ನನ್ನ ಅಭಿಪ್ರಾಯ. ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವ ಈ ಸಂಖ್ಯೆಗೆ ಸ್ನಾಯು ಯಾವುದು, ಕೊಬ್ಬು ಯಾವುದು ಎಂಬ ಭೇದ ತಿಳಿಯದು. ಭಾರತೀಯರಲ್ಲಿ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುವುದು ಸಾಮಾನ್ಯವಾದ್ದರಿಂದ, ಬಿಎಂಐ ಜೊತೆಗೆ ಟೇಪಿನಿಂದ ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಬೇಕು: ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ವಹಿಸಬೇಕು.

ಬಿಡುಗಡೆಯಾದಾಗ ಆ್ಯಪ್ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು. ಈ ಪರೀಕ್ಷೆಗಳಿಂದ ಹೆಚ್ಚು ಪ್ರಯೋಜನ ಪಡೆಯಬೇಕಾದ ಹಿರಿಯರು ತಾವೇ ಓದಿಕೊಂಡು ಮಾಡಬೇಕೆಂದರೆ ಸೂಚನೆಗಳು ಕನ್ನಡದಲ್ಲಿರಲೇಬೇಕು. ಅಲ್ಲಿಯವರೆಗೆ ಮನೆಯ ಕಿರಿಯರೊಬ್ಬರು ಪಕ್ಕದಲ್ಲಿ ನಿಂತು ಓದಿ ಹೇಳಿ, ಎಣಿಸಿಕೊಡುವುದು ಸೂಕ್ತ. ಹೃದಯದ ತೊಂದರೆ ಅಥವಾ ಮಂಡಿನೋವು ಇರುವವರು ಮೊದಲು ವೈದ್ಯರನ್ನು ಕೇಳಿಯೇ ಪರೀಕ್ಷೆಗೆ ಇಳಿಯಬೇಕು.