ಮೋಟುಲ್ ಚೈನ್ ಕ್ಲೀನ್ ಸಿ1, ಚೈನ್ ಲ್ಯೂಬ್ ಸಿ2: ಯಾವುದಕ್ಕೆ ಹಣ ಕೊಡಬೇಕು?

ಬೈಕಿನ ಬಿಡಿಭಾಗಗಳ ಅಂಗಡಿಗಳಲ್ಲಿ ಮೋಟುಲ್ ಕಂಪನಿಯ ಸಿ1 ಚೈನ್ ಕ್ಲೀನ್ (ಚೈನಿನ ಕೊಳೆ ತೆಗೆಯುವುದು) ಮತ್ತು ಸಿ2 ಚೈನ್ ಲ್ಯೂಬ್ (ಚೈನಿಗೆ ಜಾರುಗುಣ ಕೊಡುವ ಎಣ್ಣೆ) ಎಂಬ ಎರಡು ಸ್ಪ್ರೇ ಡಬ್ಬಿಗಳನ್ನು ಹೆಚ್ಚಾಗಿ ಜೋಡಿಯಾಗಿಯೇ ಕೊಡುತ್ತಾರೆ. ಮಲೆನಾಡಿನ ಮಳೆಯಲ್ಲೂ ಬಯಲುಸೀಮೆಯ ಧೂಳಿನಲ್ಲೂ ಓಡುವ ಬೈಕಿಗೆ ಎರಡನ್ನೂ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಿ2 ವಿಷಯದಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲ. ಸಿ1 ಕೂಡ ಒಳ್ಳೆಯದೇ, ಆದರೆ ಸೀಮೆಎಣ್ಣೆ ಸಿಗುವ ಊರಿನಲ್ಲಿರುವವರು ಅದನ್ನು ಕೊಳ್ಳಲೇಬೇಕೆಂದಿಲ್ಲ.

ಹೀಗೆನ್ನುವುದಕ್ಕೆ ಚೈನಿನ ಒಳರಚನೆಯೇ ಕಾರಣ. ಓ-ರಿಂಗ್ ಮತ್ತು ಎಕ್ಸ್-ರಿಂಗ್ ಚೈನ್‌ಗಳಲ್ಲಿ ಪಿನ್ನು ಮತ್ತು ಅದನ್ನು ಸುತ್ತುವರಿದ ಬುಷ್ (ಸಣ್ಣ ಕೊಳವೆ) ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ, ಅದು ಹೊರಗೆ ಸೋರದಂತೆಯೂ ನೀರು, ಮಣ್ಣು ಒಳಗೆ ನುಗ್ಗದಂತೆಯೂ ಎರಡು ಬದಿಗೆ ರಬ್ಬರ್ ಉಂಗುರಗಳನ್ನು ಕೂರಿಸಿರುತ್ತಾರೆ. ನಾವು ಹೊರಗಿನಿಂದ ಹಾಕುವ ಲ್ಯೂಬ್ ಆ ಗ್ರೀಸ್‌ವರೆಗೆ ಹೋಗುವುದೇ ಇಲ್ಲ. ಬುಷ್ ಮೇಲೆ ತಿರುಗುವ ರೋಲರ್ ಮತ್ತು ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಹಲ್ಲುಗಳ ನಡುವಿನ ಸವೆತ ತಗ್ಗಿಸುವುದು, ತುಕ್ಕು ತಡೆಯುವುದು, ಉಂಗುರಗಳು ಒಣಗಿ ಬಿರುಕು ಬಿಡದಂತೆ ನೋಡಿಕೊಳ್ಳುವುದು, ಇಷ್ಟೇ ಅದರ ಕೆಲಸ. ಪೆಟ್ರೋಲ್ ಸುರಿದು ತೊಳೆದರೆ ಅಥವಾ ತಂತಿ ಬ್ರಷ್‌ನಿಂದ ಉಜ್ಜಿದರೆ ಉಂಗುರ ಹಾಳಾಗುತ್ತದೆ, ಒಳಗಿನ ಗ್ರೀಸ್ ಹೋಗುತ್ತದೆ. ಒಮ್ಮೆ ಹೋದ ಗ್ರೀಸನ್ನು ಯಾವ ಡಬ್ಬಿಯೂ ಮತ್ತೆ ತುಂಬಿಕೊಡಲಾರದು. ಆದ್ದರಿಂದ ಕ್ಲೀನರ್ ಎಷ್ಟು ಬೇಗ ಕೊಳೆ ತೆಗೆಯುತ್ತದೆ ಎಂಬುದಕ್ಕಿಂತ ರಬ್ಬರಿಗೆ ಅದು ಹಿತವೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಸಿ1 ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಉಂಗುರವಿರುವ ಚೈನ್‌ಗಳಿಗೂ ಹೊಂದುವಂತೆಯೇ ಅದನ್ನು ತಯಾರಿಸಲಾಗಿದೆ. ಸಿಂಪಡಿಸಿ ಒಂದೆರಡು ನಿಮಿಷ ಬಿಟ್ಟು ಮೆತ್ತನೆಯ ಬ್ರಷ್ ಆಡಿಸಿದರೆ, ಪ್ಲೇಟುಗಳ ಸಂದಿನಲ್ಲಿ ಹೆಪ್ಪುಗಟ್ಟಿದ ಕರಿಜಿಡ್ಡು ಕರಗಿ, ಕೆಳಗೆ ಹಾಸಿದ ಹಳೆಯ ಪೇಪರಿನ ಮೇಲೆ ತೊಟ್ಟಿಕ್ಕುತ್ತದೆ. ಬಟ್ಟೆಯಿಂದ ಒರೆಸಿದರೆ ಬೇಗ ಆರುತ್ತದೆ ಎಂಬುದೂ ಅನುಕೂಲವೇ. ಆದರೆ ಬಹಳ ದಿನ ತೊಳೆಯದ ಚೈನಿಗೆ ಡಬ್ಬಿ ನೋಡನೋಡುತ್ತಿದ್ದಂತೆ ಖಾಲಿಯಾಗುತ್ತದೆ. ಅಗಲ ಬಾಯಿಯ ಡಬ್ಬದಲ್ಲಿ ಸ್ವಲ್ಪ ಸೀಮೆಎಣ್ಣೆ ಹಾಕಿಕೊಂಡು, ಬ್ರಷ್ ಅದ್ದಿ ಉಜ್ಜಿದರೂ ಫಲ ಹೆಚ್ಚುಕಡಿಮೆ ಅಷ್ಟೇ. ನ್ಯಾಯಬೆಲೆ ಅಂಗಡಿಗಳಲ್ಲಿ ಸೀಮೆಎಣ್ಣೆ ಮೊದಲಿನಂತೆ ಸಿಗದಿರುವುದರಿಂದ, ನಗರವಾಸಿಗಳಿಗೆ ಸಿ1 ಸುಲಭದ ದಾರಿ ಎನ್ನಬಹುದು.

ಸಿ2 ಸಂಗತಿ ಬೇರೆ. ನಳಿಕೆಯಿಂದ ಹೊರಬರುವಾಗ ತೆಳುವಾಗಿದ್ದು ಪ್ಲೇಟುಗಳ ಸಂದಿಗೆ ಇಳಿಯುತ್ತದೆ, ಅದರಲ್ಲಿನ ದ್ರಾವಕ ಆರಿದ ಮೇಲೆ ಬೆರಳಿಗೆ ಎಳೆಯೆಳೆಯಾಗಿ ಅಂಟುವಷ್ಟು ಮಂದವಾಗಿ ನಿಲ್ಲುತ್ತದೆ. ಇದರ ಪೂರ್ತಿ ಲಾಭ ಸಿಗಬೇಕಾದರೆ ಹಾಕುವ ಕ್ರಮ ಸರಿಯಿರಬೇಕು. ಬೈಕನ್ನು ಸ್ವಲ್ಪ ಓಡಿಸಿ ಚೈನ್ ಬೆಚ್ಚಗಾದ ಮೇಲೆ, ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಅಥವಾ ಪ್ಯಾಡಕ್ ಸ್ಟ್ಯಾಂಡ್ (ಹಿಂದಿನ ಚಕ್ರವನ್ನು ಎತ್ತಿ ಹಿಡಿಯುವ ಬಿಡಿ ಸ್ಟ್ಯಾಂಡ್) ಮೇಲೆ ನಿಲ್ಲಿಸಿ, ಹಿಂದಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ, ಕೆಳಗಿನ ಸಾಲಿನ ಒಳಮೈಗೆ ಸಿಂಪಡಿಸಬೇಕು. ಚೈನ್ ತಿರುಗುವಾಗ ಲ್ಯೂಬ್ ಹೊರಮುಖವಾಗಿ ಚಿಮ್ಮುವುದರಿಂದ, ಒಳಮೈಗೆ ಹಾಕಿದ್ದು ರೋಲರ್‌ಗಳ ಮೂಲಕ ಹಾದು ಹೋಗುತ್ತದೆ. ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ ಚಕ್ರ ತಿರುಗಿಸುವ ಅಭ್ಯಾಸ ಎಷ್ಟೋ ಜನರಿಗಿದೆ. ಬಟ್ಟೆಯ ತುದಿ ಸ್ಪ್ರಾಕೆಟ್‌ಗೆ ಸಿಕ್ಕಿದರೆ ಬೆರಳೂ ಅದರ ಹಿಂದೆಯೇ ಹೋಗುತ್ತದೆ, ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಹಾಕಿದ ಕೂಡಲೇ ಬೈಕ್ ಹತ್ತಿದರೆ ಯಾವ ಲ್ಯೂಬ್ ಆದರೂ ರಿಮ್ಮು, ನಂಬರ್ ಪ್ಲೇಟ್‌ಗಳಿಗೆ ಸಿಡಿಯುತ್ತದೆ. ಟೈರಿಗೋ ಬ್ರೇಕ್ ಡಿಸ್ಕಿಗೋ ತಾಗಿದರೆ ಅಪಾಯವೂ ಹೌದು. ರಾತ್ರಿ ಹಾಕಿ, ಬೆಳಿಗ್ಗೆ ಹೊರಮೈಯ ಹೆಚ್ಚುವರಿಯನ್ನು ಒರೆಸಿ ಹೊರಟರೆ ಸಿ2 ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ. ಘಟ್ಟದ ಮಳೆಯಲ್ಲಿ ದಿನವಿಡೀ ನೆನೆದು ಬಂದ ಮೇಲೂ ರೋಲರ್‌ಗಳ ಮೇಲೆ ಅದರ ಪದರ ಉಳಿದಿರುವುದನ್ನು ಕಂಡಿದ್ದೇನೆ, ನಾನು ಇದನ್ನು ಮೆಚ್ಚಲು ಮುಖ್ಯ ಕಾರಣವೇ ಅದು. ಆದರೆ ಅಂಟುಗುಣವಿರುವ ಲ್ಯೂಬ್‌ಗೆ ಧೂಳೂ ಅಂಟುತ್ತದೆ. ಚಿತ್ರದುರ್ಗ, ಬಳ್ಳಾರಿ ಕಡೆಯ ಮಣ್ಣಿನ ರಸ್ತೆಗಳಲ್ಲಿ ಓಡಾಡುವವರು ತೆಳುವಾಗಿ ಹಾಕಿ, ಮೇಲಿಂದ ಮೇಲೆ ಒರೆಸುತ್ತಿರಬೇಕು. ಬರೀ ಮಣ್ಣುದಾರಿಯ ಸವಾರಿಗೆಂದೇ ಇದೇ ಸರಣಿಯಲ್ಲಿ ಸಿ3 ಇದೆ. ಸುಮಾರು 500 ಕಿ.ಮೀ.ಗೊಮ್ಮೆ ಲ್ಯೂಬ್ ಹಾಕುವುದು ರೂಢಿ, ಮಳೆಗಾಲದಲ್ಲಿ ಅಷ್ಟು ಕಾಯುವುದು ಬೇಡ.

ಅಗ್ಗದ ಪರ್ಯಾಯವೆಂದರೆ 90ರ ಗೇರ್ ಆಯಿಲ್ (90 ಎಂಬುದು ಎಣ್ಣೆಯ ಮಂದತೆಯ ದರ್ಜೆ). ಎಷ್ಟೋ ಬೈಕುಗಳ ಮಾಲೀಕರ ಕೈಪಿಡಿಯಲ್ಲೇ ಅದರ ಹೆಸರಿರುತ್ತದೆ, ಒಂದು ಲೀಟರ್ ಕೊಂಡರೆ ಬಹುಕಾಲ ಬರುತ್ತದೆ. ಅದು ಬೇಗ ಸಿಡಿದುಹೋಗುವುದರಿಂದ ಪದೇಪದೇ ಹಾಕಬೇಕು. ಚೈನ್ ಪೂರ್ತಿ ಕವರಿನೊಳಗಿರುವ ದಿನಬಳಕೆಯ 100 ಸಿಸಿ ಬೈಕಿಗೆ ಗೇರ್ ಆಯಿಲ್ ಧಾರಾಳವಾಗಿ ಸಾಕು, ಅಲ್ಲಿ ಸಿ2 ದುಂದುವೆಚ್ಚ. ಎಂಜಿನ್ನಿನಿಂದ ಇಳಿಸಿದ ವೇಸ್ಟ್ ಆಯಿಲ್ ಮಾತ್ರ ಬೇಡ, ಅದರಲ್ಲಿ ಲೋಹದ ಪುಡಿ ಮತ್ತು ಮಸಿ ಸೇರಿರುತ್ತದೆ.

ಚೈನ್ ಸದ್ದು ಮಾಡಿದಾಗಲೆಲ್ಲ ಲ್ಯೂಬ್ ಹುಡುಕುವುದೂ ಸರಿಯಲ್ಲ. ಕೆಳಗಿನ ಸಾಲನ್ನು ಮಧ್ಯದಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸಿದರೆ ಅನೇಕ ಬೈಕುಗಳಲ್ಲಿ 20ರಿಂದ 35 ಮಿ.ಮೀ. ಆಟ ಇರಬೇಕು, ಖಚಿತ ಅಳತೆಯನ್ನು ಕೈಪಿಡಿ ಹೇಳುತ್ತದೆ. ಹಿಂದಿನ ಸ್ಪ್ರಾಕೆಟ್‌ನ ಹಿಂತುದಿಯಲ್ಲಿ ಚೈನನ್ನು ಎಳೆದಾಗ ಅರ್ಧ ಹಲ್ಲು ಕಾಣುವಷ್ಟು ಅದು ಎದ್ದು ಬಂದರೆ, ಅಥವಾ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ, ಎರಡು ಸ್ಪ್ರಾಕೆಟ್ ಸೇರಿದ ಪೂರ್ತಿ ಸೆಟ್ ಬದಲಾಯಿಸುವ ಕಾಲ ಬಂದಿದೆ ಎಂದರ್ಥ. ಅಂಥ ಚೈನಿಗೆ ಸಿ2 ಕೊಳ್ಳುವುದು ದಂಡ. ಹೊಸ ಸೆಟ್ ಹಾಕಿಸಿದ ದಿನವೇ ಒಂದು ಡಬ್ಬಿ ಕೊಳ್ಳಿ, ಮೊದಲ ಸಲಕ್ಕೆ 150 ಮಿ.ಲೀ.ನದೇ ಸಾಕು.