ಒದ್ದೆ ಪೋರ್ಟಿಗೆ ಚಾರ್ಜರ್ ಚುಚ್ಚಬೇಡಿ: ಕೊಡಗಿನ ಮಳೆಯಲ್ಲಿ ತೆಳು ಫೋನು ಸಾಯುವ ಬಗೆ

ಮೇ ಕೊನೆಗೆ ಕೊಂಡ ಫೋನು. ಕಕ್ಕಡ, ಅಂದರೆ ಜುಲೈ-ಆಗಸ್ಟಿನ ಜಡಿಮಳೆಯ ತಿಂಗಳು, ಮುಗಿಯುವುದರೊಳಗೆ ಸತ್ತಿತ್ತು. ದಪ್ಪ 6 ಮಿ.ಮೀ. ಆಸುಪಾಸು, ಬ್ಯಾಟರಿ 4,000 ಎಂಎಎಚ್, ಡಬ್ಬದ ಮೇಲೆ ನೀರು, ದೂಳು ತಡೆಯುತ್ತದೆ ಎನ್ನುವ ಐಪಿ68 ಮುದ್ರೆ, ಅಮೋಲೆಡ್ ಪರದೆ, ಎರಡು ಸ್ಪೀಕರ್, 4ಕೆ ವಿಡಿಯೋ. ಹೊಳೆಗೆ ಬಿದ್ದಿರಲಿಲ್ಲ, ಬಕೆಟ್ಟಿಗೆ ಬಿದ್ದಿರಲಿಲ್ಲ, ಕೈಜಾರಿ ನೆಲಕ್ಕೂ ಬಿದ್ದಿರಲಿಲ್ಲ. ನಾಪೋಕ್ಲು ಕಡೆಯ ತೋಟದ ಮನೆಯೊಂದರಲ್ಲಿ ಹಗಲು ಜೇಬಿನಲ್ಲಿ ತಿರುಗಿ, ರಾತ್ರಿ ಅಡುಗೆಮನೆಯ ಪ್ಲಗ್ಗಿನಲ್ಲಿ ಚಾರ್ಜಾಗುತ್ತಿತ್ತು, ಅಷ್ಟೆ. ಸರ್ವಿಸ್ ಸೆಂಟರಿನಲ್ಲಿ ಸಿಮ್ ಟ್ರೇ ಎಳೆದು, ಟಾರ್ಚ್ ಬಿಟ್ಟು ನೋಡಿ, ಒಳಗಿನ ಬಿಳಿ ಪಟ್ಟಿ ಗುಲಾಬಿಯಾಗಿದೆ, ನೀರು ಹೋಗಿದೆ, ವಾರಂಟಿ ಇಲ್ಲ ಎಂದು ಎರಡೇ ನಿಮಿಷದಲ್ಲಿ ಕಳಿಸಿದರು. ಮಡಿಕೇರಿ ದಾಟಿ ಇನ್ನೂ 120 ಕಿ.ಮೀ. ದೂರದ ಮೈಸೂರಿಗೆ ಹೋಗಿ ಕೇಳಿಸಿಕೊಂಡು ಬಂದ ಮಾತು ಇದು.

ಕಂಪನಿಯ ಹೆಸರು ಇಲ್ಲಿ ಬೇಡ. ತೆಳು ಫೋನು ಯಾರದ್ದಾದರೂ ನಮ್ಮ ಮಳೆಗಾಲದಲ್ಲಿ ಸಾಯುವ ದಾರಿ ಬಹುಮಟ್ಟಿಗೆ ಇದೇ. ಆ ದಾರಿ ಗೊತ್ತಿದ್ದರೆ ಎಷ್ಟೋ ಫೋನು ಉಳಿಸಬಹುದು, ಅದಕ್ಕೇ ಇಷ್ಟು ವಿವರವಾಗಿ ಬರೆಯುವುದು.

ಆ ಫೋನಿನ ಚಾರ್ಜಿಂಗ್ ಪೋರ್ಟನ್ನು ಭೂತಗಾಜಿನ ಕೆಳಗೆ ಹಿಡಿದರೆ ಕಾಣುವುದು ಹೀಗೆ: ನಡುವಿನ ನಾಲಗೆಯಂಥ ಪಟ್ಟಿಯ ಮೇಲೆ ಒಂದು ಮಗ್ಗುಲಿಗೆ 12, ಇನ್ನೊಂದು ಮಗ್ಗುಲಿಗೆ 12, ಒಟ್ಟು 24 ಚಿನ್ನದ ಬಣ್ಣದ ಗೆರೆಗಳು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ಅರ್ಧ ಮಿಲಿಮೀಟರ್. ಅವುಗಳಲ್ಲಿ ಕರೆಂಟು ತರುವ ಗೆರೆ ಮತ್ತು ಅದರ ಪಕ್ಕದಲ್ಲೇ ಇರುವ, ಚಾರ್ಜರನ್ನು ಗುರುತಿಸುವ ಗೆರೆ, ಈ ಎರಡರ ಮಧ್ಯೆ ಹಸಿರು ಹಕ್ಕಳೆ. ಹಳೇ ತಾಮ್ರದ ಹಂಡೆಯ ಬಾಯಲ್ಲಿ ಕಟ್ಟುವ ಕಿಲುಬಿನ ಬಣ್ಣ ಅದೇ. ಚಿನ್ನದ ಲೇಪ ಎದ್ದು ಹೋಗಿ ಕೆಳಗಿನ ತಾಮ್ರ ಕೊರೆದುಹೋಗಿದೆ. ಉಳಿದ ಗೆರೆಗಳು ಹೊಸದರಂತೆಯೇ ಇವೆ. ಬರೀ ನೀರಿನಿಂದ ಹೀಗೆ ಒಂದೇ ಜಾಗದಲ್ಲಿ ಕೊರೆಯುವುದಿಲ್ಲ. ನೀರಿರುವಾಗ ವಿದ್ಯುತ್ ಹರಿದರೆ ಮಾತ್ರ ಹೀಗಾಗುತ್ತದೆ. ಸಾದಾ ಚಾರ್ಜರ್ 5 ವೋಲ್ಟ್ ಕೊಟ್ಟರೆ ಫಾಸ್ಟ್ ಚಾರ್ಜರ್ 9 ವೋಲ್ಟ್ ಅಥವಾ ಇನ್ನೂ ಹೆಚ್ಚು ಕೊಡುತ್ತದೆ. ಅರ್ಧ ಮಿ.ಮೀ. ಅಂತರದಲ್ಲಿ ಒಂದು ಹನಿ ನೀರು, ಅದಕ್ಕೆ ಅಷ್ಟು ವೋಲ್ಟು: ಲೋಹ ಒಂದು ಕಡೆ ಕರಗಿ ಇನ್ನೊಂದು ಕಡೆ ಕೂರುತ್ತದೆ. ಅಂಗೈ ಬೆವರಿನ ಉಪ್ಪು ಸೇರಿದ್ದರೆ ಕೆಲವೇ ರಾತ್ರಿಗಳ ಕೆಲಸ.

ನೀರಿಗೇ ಬೀಳದ ಫೋನಿಗೆ ಹನಿ ಬಂದದ್ದೆಲ್ಲಿಂದ? ಅಡುಗೆಮನೆಯಿಂದ. ಜುಲೈಯಲ್ಲಿ ಹೊರಗೆ 18 ಡಿಗ್ರಿ, ಮಂಜು, ಜಡಿಮಳೆ. ಹೊರಗೆ ತಿರುಗಿ ಬಂದ ಫೋನಿನ ಲೋಹದ ಚೌಕಟ್ಟೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಾಗಿರಬಹುದು. ಒಳಗೆ ಒಲೆ ಉರಿಯುತ್ತಿದೆ, ಹಂಡೆಯಲ್ಲಿ ಬಿಸಿನೀರು, ಕಡಂಬಿಟ್ಟಿನ ಆವಿ. ಅಲ್ಲಿ 26 ಡಿಗ್ರಿ ಶಾಖ, ಶೇ 80 ತೇವಾಂಶ ಇದ್ದರೆ 22 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೂ ಇಬ್ಬನಿ ಕೂರುತ್ತದೆ. ಕನ್ನಡಕ ಮಂಜಾಗುವುದು ಕಣ್ಣಿಗೆ ಕಾಣುತ್ತದೆ. ಪೋರ್ಟಿನ ಒಳಗೆ ಆದದ್ದು ಕಾಣುವುದಿಲ್ಲ. ಬಂದ ಕೂಡಲೇ ಚಾರ್ಜರ್ ಚುಚ್ಚಿದರೆ ಮೇಲೆ ಹೇಳಿದ ಕಿಲುಬು ಅಂದೇ ಶುರು.

ಈ ಫೋನು ಎಚ್ಚರಿಕೆ ಕೊಟ್ಟಿತ್ತು ಎಂಬುದೇ ಬೇಸರದ ಸಂಗತಿ. ಪೋರ್ಟಿನಲ್ಲಿ ತೇವ ಇದೆ, ಚಾರ್ಜ್ ಮಾಡಲಾಗದು ಎಂದು ನೀರ ಹನಿಯ ಚಿತ್ರದ ಸಮೇತ ನಾಲ್ಕೈದು ಸಲ ತೋರಿಸಿತ್ತು. ಆಫ್ ಮಾಡಿ ಹಾಕಿದರೆ ಚಾರ್ಜಾಗುತ್ತದೆ ಎಂಬ ಉಪಾಯ ಯಾರೋ ಹೇಳಿಕೊಟ್ಟರು, ಆಯಿತು ಕೂಡ. ಹಾಗೆ ಮಾಡುವುದೆಂದರೆ ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟಂತೆ. ದಯವಿಟ್ಟು ಆ ಉಪಾಯ ಬಳಸಬೇಡಿ.

ಮಾಡಬೇಕಾದ್ದು ಇಷ್ಟು. ಹೊರಗಿನಿಂದ ಬಂದ ಫೋನನ್ನು ಜಗಲಿಯಲ್ಲೋ ನಡುಮನೆಯಲ್ಲೋ ಅರ್ಧ ಗಂಟೆ ಸುಮ್ಮನೆ ಇಡಿ, ಅಡುಗೆಮನೆ ಬೇಡ. ಪೋರ್ಟ್ ಕೆಳಮುಖವಾಗಿ ಹಿಡಿದು ಅಂಗೈಗೆ ನಾಲ್ಕು ಸಲ ಮೆಲ್ಲಗೆ ತಟ್ಟಿ. ಹತ್ತಿಕಡ್ಡಿ, ಬೆಂಕಿಕಡ್ಡಿ ತುರುಕಬೇಡಿ. ಹತ್ತಿಯ ಎಳೆ ಒಳಗೇ ಉಳಿದು ತೇವ ಹಿಡಿದಿಡುತ್ತದೆ. ಕರೆಂಟಿದ್ದರೆ ಫ್ಯಾನಿನ ತಂಪು ಗಾಳಿಗೆ ಹಿಡಿಯಿರಿ, ಇಲ್ಲದಿದ್ದರೆ ಗಾಳಿಯಾಡದ ಡಬ್ಬದಲ್ಲಿ ಐದಾರು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಚಪ್ಪಲಿ ಡಬ್ಬ, ಬ್ಯಾಗಿನ ಜೊತೆ ಬರುವ ಪೊಟ್ಟಣಗಳನ್ನು ಎಸೆಯದೆ ಕೂಡಿಡಿ. ತೇವ ಹೀರಿ ಸುಸ್ತಾದವನ್ನು ಬೇಸಿಗೆ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದರೆ ಸ್ವಲ್ಪ ಮಟ್ಟಿಗೆ ಮತ್ತೆ ಕೆಲಸಕ್ಕೆ ಬರುತ್ತವೆ. ಅಕ್ಕಿ ಡಬ್ಬದಲ್ಲಿ ಹೂಳುವುದರಿಂದ ಉಪಯೋಗವಿಲ್ಲ. ಮಳೆಗಾಲದ ಅಕ್ಕಿ ತಾನೇ ಮೆತ್ತಗಾಗಿರುತ್ತದೆ, ಅದರ ಹಿಟ್ಟು ಪೋರ್ಟಿಗೆ ಇಳಿದು ಅಂಟಾಗುತ್ತದೆ. ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ ಬೆನ್ನು ಒರೆಸಿ ಅದರಲ್ಲೇ ಹಾಕಿ, ಪೋರ್ಟಿನ ಗೊಡವೆಯೇ ಬೇಡ.

ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಏಲಕ್ಕಿ, ಮೆಣಸು, ಒದ್ದೆ ಬಟ್ಟೆಗೆ ಆ ಜಾಗ ಸರಿ. ಫೋನಿನ ಬೆನ್ನಿನ ಗಾಜು ನಿಂತಿರುವುದು ಅಂಟಿನ ಮೇಲೆ. ಅದನ್ನು ಬಿಚ್ಚಲು ರಿಪೇರಿ ಅಂಗಡಿಯವರು ಹೀಟ್ ಪ್ಯಾಡನ್ನು ಸುಮಾರು 80 ಡಿಗ್ರಿಗೆ ಕಾಯಿಸುತ್ತಾರೆ. ಅಟ್ಟದ ಬಿಸಿ ಅದೇ ಕೆಲಸವನ್ನು ನಿಧಾನವಾಗಿ ಮಾಡುತ್ತದೆ. ಜೊತೆಗೆ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು, 60 ದಾಟಿದ ಜಾಗದಲ್ಲಿ ಇಡಲೂಬಾರದು. ಹೇರ್ ಡ್ರೈಯರ್‌ಗೂ ಇದೇ ಮಾತು.

ಇನ್ನು ಐಪಿ68 ಅಂದರೇನು? ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 7 ಆಗಿದ್ದರೆ 1 ಮೀಟರ್ ಆಳದಲ್ಲಿ 30 ನಿಮಿಷ, 8 ಆಗಿದ್ದರೆ ಅದಕ್ಕಿಂತ ಕಠಿಣ, ಎಷ್ಟು ಆಳ, ಎಷ್ಟು ಹೊತ್ತು ಎಂದು ಕಂಪನಿಯೇ ಹೇಳಬೇಕು. ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ನಿಂತ ಸಿಹಿನೀರಿನಲ್ಲಿ, ಪ್ರಯೋಗಾಲಯದಲ್ಲಿ. ಬಿಸಿ ಆವಿ, ವಾರಗಟ್ಟಲೆ ತೇವಾಂಶ, ಸೋಪಿನ ನೀರು ಆ ಅಂಕಿಯಲ್ಲಿ ಸೇರಿಲ್ಲ. ಪೋರ್ಟಿನ ಗೆರೆಗಳು ಹೇಗೂ ನೀರು ತಡೆಯುವ ಬಿರಡೆಯ ಹೊರಗೇ ಇರುತ್ತವೆ, ನೀರು ಅವನ್ನು ಮುಟ್ಟಿಯೇ ಮುಟ್ಟುತ್ತದೆ. ಐಪಿ68 ಎಂದು ಬರೆದ ಡಬ್ಬದೊಳಗಿನ ವಾರಂಟಿ ಕಾಗದದಲ್ಲೇ ನೀರಿನ ಹಾನಿ ಸೇರುವುದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಅಂಗಡಿಯಲ್ಲಿ ನಿಂತೇ ಆ ಸಾಲು ಓದಿ.

ತೆಳುವಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಇದೆ. ಒಂದೇ ಅಗಲ, ಒಂದೇ ಲೋಹದ ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 8 ಮಿ.ಮೀ. ಇದ್ದದ್ದು 6 ಆದರೆ ದಪ್ಪ ಕಾಲುಭಾಗ ಕಡಿಮೆ, ಬಿಗಿತ ಮಾತ್ರ ಅರ್ಧಕ್ಕಿಂತ ಕೆಳಗೆ, ಶೇ 42ರಷ್ಟು. ಟೈಟಾನಿಯಂ ಚೌಕಟ್ಟು ಹಾಕಿದವರು ಇದನ್ನು ಸ್ವಲ್ಪ ಸರಿದೂಗಿಸುತ್ತಾರೆ, ಮಧ್ಯಮ ಬೆಲೆಯ ಫೋನಿನಲ್ಲಿ ಪ್ಲಾಸ್ಟಿಕ್ಕೋ ತೆಳು ಅಲ್ಯೂಮಿನಿಯಮ್ಮೋ ಇರುತ್ತದೆ. ಹಿಂಜೇಬಿನಲ್ಲಿಟ್ಟು ಜೀಪಿನಲ್ಲಿ ಕೂತು ತೋಟದ ಕಲ್ಲುದಾರಿಯಲ್ಲಿ ಎರಡು ಕಿ.ಮೀ. ಕುಲುಕಿದರೆ ಕಣ್ಣಿಗೆ ಬಾಗಿದ್ದು ಕಾಣದಿರಬಹುದು, ಬೆನ್ನಿನ ಅಂಟು ಮೂಲೆಯಲ್ಲಿ ಕೂದಲೆಳೆಯಷ್ಟು ಬಿಟ್ಟಿರುತ್ತದೆ. ಐಪಿ68 ಅಲ್ಲಿಗೆ ಮುಗಿಯಿತು. ಫೋನನ್ನು ಗಾಜಿನ ಮೇಜಿನ ಮೇಲೆ ಪರದೆ ಕೆಳಗಾಗಿ ಮಲಗಿಸಿ, ನಾಲ್ಕು ಮೂಲೆಯನ್ನೂ ಬೆರಳಿನಿಂದ ಒತ್ತಿ. ಒಂದು ಮೂಲೆ ಟಕ್ ಎಂದು ಆಡಿದರೆ ಬಾಗಿದೆ ಎಂದೇ ಅರ್ಥ. ಎದೆಯ ಜೇಬು ಅಥವಾ ರೈನ್‌ಕೋಟಿನ ಒಳಜೇಬು ಉತ್ತಮ, ಅದೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ.

ಬ್ಯಾಟರಿ ಉಬ್ಬುವುದು ಇನ್ನೊಂದು ದಾರಿ. ಒಳಗಿನ ದ್ರಾವಣ ಕೆಟ್ಟು ಅನಿಲವಾದಾಗ ಚೀಲದಂಥ ಬ್ಯಾಟರಿ ಉಬ್ಬುತ್ತದೆ. ದಪ್ಪ ಫೋನಿನಲ್ಲಿ ಅದಕ್ಕೆ ಚೂರು ಜಾಗವಿರುತ್ತದೆ, ತೆಳುವಿನಲ್ಲಿ ನೇರ ಬೆನ್ನನ್ನೇ ಎತ್ತುತ್ತದೆ. ಬೆನ್ನು ಎದ್ದದ್ದು ಕಂಡರೆ ಒತ್ತಿ ಕೂರಿಸಬೇಡಿ, ರಬ್ಬರ್ ಬ್ಯಾಂಡ್ ಹಾಕಬೇಡಿ, ಚಾರ್ಜ್ ಹಾಕಬೇಡಿ. ಆಫ್ ಮಾಡಿ ಮರದ ಸಾಮಾನು, ಬಟ್ಟೆಯಿಂದ ದೂರ ಕಲ್ಲಿನ ನೆಲದ ಮೇಲಿಟ್ಟು, ಮೊದಲ ಬಸ್ಸಿಗೆ ರಿಪೇರಿಗೆ ಒಯ್ಯಿರಿ.

ಬ್ಯಾಟರಿಯ ಲೆಕ್ಕವನ್ನೂ ನಮ್ಮ ಊರಿಗೆ ತಕ್ಕಂತೆ ಹಾಕಬೇಕು. 2025ರಲ್ಲಿ ಬಂದ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್25 ಎಡ್ಜ್ 5.8 ಮಿ.ಮೀ., ಬ್ಯಾಟರಿ 3,900 ಎಂಎಎಚ್. ಅದೇ ಸಾಲಿನ ಎಸ್25 ಪ್ಲಸ್ 7.3 ಮಿ.ಮೀ., 4,900 ಎಂಎಎಚ್. ಒಂದೂವರೆ ಮಿಲಿಮೀಟರಿಗೆ ತೆತ್ತ ಬೆಲೆ 1,000 ಎಂಎಎಚ್. ಹೊಸ ಸಿಲಿಕಾನ್-ಕಾರ್ಬನ್ ಬ್ಯಾಟರಿಯ ಕೆಲವು ತೆಳು ಫೋನುಗಳಲ್ಲಿ 5,000 ದಾಟುತ್ತದೆ, ಕೊಳ್ಳುವುದೇ ಆದರೆ ಅಂಥದ್ದನ್ನು ನೋಡಿ. ಬೆಂಗಳೂರಿನಲ್ಲಿ ಒಂದು ದಿನ ಬಂದ ಬ್ಯಾಟರಿ ಗುಡ್ಡದ ಮರೆಯ ತೋಟದಲ್ಲಿ ಮಧ್ಯಾಹ್ನಕ್ಕೇ ಮುಗಿಯುತ್ತದೆ, ಏಕೆಂದರೆ ಟವರ್ ದೂರವಾದಷ್ಟೂ ಫೋನು ಜೋರಾಗಿ ಕೂಗಬೇಕು. 4ಜಿ ಫೋನಿನ ಗರಿಷ್ಠ ಕೂಗು ಸಾಮಾನ್ಯವಾಗಿ 200 ಮಿಲಿವ್ಯಾಟ್, ಸಿಗ್ನಲ್ ಚೆನ್ನಾಗಿರುವಲ್ಲಿ ಅದರ ಸಣ್ಣ ಪಾಲು ಸಾಕು. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆದರೆ ಸಿಗ್ನಲ್ ಬಲ ಡಿಬಿಎಂ ಲೆಕ್ಕದಲ್ಲಿ ಸಿಗುತ್ತದೆ. ಮೈನಸ್ 90ರ ಆಸುಪಾಸು ಒಳ್ಳೆಯದು, ಮೈನಸ್ 110ಕ್ಕಿಂತಲೂ ಕೆಳಗಿಳಿದರೆ ಫೋನು ಬಿಸಿಯಾಗುವುದೂ ಬ್ಯಾಟರಿ ಇಳಿಯುವುದೂ ಖಚಿತ. ಅಂಥ ಮನೆಯಲ್ಲಿ 5ಜಿ ಆಫ್ ಮಾಡಿ 4ಜಿಗೆ ನಿಲ್ಲಿಸಿ, ವೈಫೈ ಇದ್ದರೆ ವೈಫೈ ಕಾಲಿಂಗ್ ಹಾಕಿ, ರಾತ್ರಿ ಏರೋಪ್ಲೇನ್ ಮೋಡ್‌ಗಿಡಿ. ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ, ವೈಫೈ ಕೂಡ ಸತ್ತಾಗ, ಉಳಿದೆರಡೇ ಫೋನನ್ನು ಬದುಕಿಸುವುದು.

ಮಲ್ಟಿಮೀಡಿಯಾ ಫೋನು ಎನ್ನುತ್ತಾರೆ, ಆದರೆ ತೆಳುವಾಗಿಸಲು ಏನೇನು ಕಿತ್ತುಹಾಕಿದ್ದಾರೆ ನೋಡಿ. 3.5 ಮಿ.ಮೀ. ಇಯರ್‌ಫೋನ್ ತೂತು ಇಲ್ಲ. ಅದರ ಜೊತೆ ಎಫ್‌ಎಂ ರೇಡಿಯೋ ಕೂಡ ಹೋಯಿತು, ಏಕೆಂದರೆ ಇಯರ್‌ಫೋನಿನ ತಂತಿಯೇ ಅದರ ಆಂಟೆನಾ. ಮಡಿಕೇರಿ ಆಕಾಶವಾಣಿಯ 103.1 ಮೆಗಾಹರ್ಟ್ಸ್ ಹಿಡಿಯಲು ಬೇಕಾದ ಕಾಲು ಅಲೆಯುದ್ದ ಸುಮಾರು 73 ಸೆಂ.ಮೀ., ಹೆಚ್ಚುಕಡಿಮೆ ಕಿವಿಯಿಂದ ಜೇಬಿಗಿರುವ ತಂತಿಯಷ್ಟೇ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಕರೆಂಟೂ ನೆಟ್‌ವರ್ಕೂ ಕೈಕೊಟ್ಟ ಊರುಗಳವರಿಗೆ ರೇಡಿಯೋದ ಬೆಲೆ ಹೇಳಬೇಕಿಲ್ಲ. ಕೇಂದ್ರ ಐಟಿ ಸಚಿವಾಲಯ 2023ರ ಏಪ್ರಿಲ್‌ನಲ್ಲಿ ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಸಲಹೆ ಕೊಟ್ಟದ್ದೂ ವಿಪತ್ತಿನ ಕಾರಣ ಹೇಳಿಯೇ. ಕೌಂಟರಿನಲ್ಲೇ ಎಫ್‌ಎಂ ಆ್ಯಪ್ ತೆರೆಸಿ, ತಂತಿ ಚುಚ್ಚಿಸಿ, ಕೇಳಿ ನೋಡಿ. ಇಲ್ಲವೆಂದರೆ ಸೆಲ್ ಹಾಕುವ ಸಣ್ಣ ರೇಡಿಯೋ ಒಂದು ಮನೆಯಲ್ಲಿರಲಿ.

ಇ-ಸಿಮ್, ಅಂದರೆ ಫೋನಿನೊಳಗೇ ಬೆಸೆದ ಸಿಮ್, ಮಾತ್ರ ಇರುವ ತೆಳು ಫೋನಿನ ವಿಷಯದಲ್ಲಿ ಇನ್ನೂ ಜಾಗ್ರತೆ. ಸಾದಾ ಸಿಮ್ ಆದರೆ ಸತ್ತ ಫೋನಿನಿಂದ ತೆಗೆದು ಆ ನೆಟ್‌ವರ್ಕ್ ಹಿಡಿಯುವ ಬಟನ್ ಫೋನಿಗೆ ಹಾಕಿದರೆ ಐದು ನಿಮಿಷದಲ್ಲಿ ಮಾತು. ಇ-ಸಿಮ್‌ಗೆ ಅದನ್ನು ಒಪ್ಪುವ ಇನ್ನೊಂದು ಫೋನೂ ಇಂಟರ್ನೆಟ್ಟೂ ಬೇಕು.

ಮೆಮೊರಿ ಕಾರ್ಡಿಗೂ ಜಾಗವಿಲ್ಲದ್ದು ಈ ಫೋನಿನಲ್ಲಿ ಅತಿ ಹೆಚ್ಚು ನೋವು ಕೊಟ್ಟಿತು. ಮನೆಯ ಮದುವೆಯ ವಿಡಿಯೋ ಪೂರ್ತಿ ಒಳಗೇ ಇತ್ತು. ಚಿಪ್ ತೆಗೆದು ಬೇರೆ ಫೋನಿಗೆ ಹಾಕಿ ಅಂದರೆ ಆಗುವುದಿಲ್ಲ. ಸಂಗ್ರಹದಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಅದೇ ಫೋನಿನ ಪ್ರೊಸೆಸರಿಗೆ ಅಂಟಿಕೊಂಡಿರುತ್ತದೆ. ಆ ಬೋರ್ಡು ಮತ್ತೆ ಉಸಿರಾಡಿದರೆ ಮಾತ್ರ ವಿಡಿಯೋ. ಫುಲ್ ಎಚ್‌ಡಿ ವಿಡಿಯೋ ನಿಮಿಷಕ್ಕೆ 130 ಎಂಬಿ ಅಂದುಕೊಳ್ಳಿ, ಒಂದು ಗಂಟೆಗೆ 8 ಜಿಬಿ ಹತ್ತಿರ. ನಮ್ಮ ನೆಟ್‌ವರ್ಕಿನಲ್ಲಿ ಅದನ್ನು ಕ್ಲೌಡಿಗೆ ಏರಿಸುವ ಹೊತ್ತಿಗೆ ಪುತ್ತರಿ ಹಬ್ಬ ಬಂದಿರುತ್ತದೆ. ಎರಡು ಬಾಯಿಯ 64 ಜಿಬಿ ಪೆನ್‌ಡ್ರೈವ್ ಒಂದನ್ನು ಇಟ್ಟುಕೊಂಡು, ಟೈಪ್-ಸಿ ಬಾಯನ್ನು ಫೋನಿಗೆ ಚುಚ್ಚಿ, ಮಳೆ ಹಿಡಿಯುವ ಮುಂಚೆ ಎಲ್ಲ ನಕಲು ಮಾಡಿ. ಪೋರ್ಟ್ ಒಣಗಿರುವಾಗ.

ಪರದೆಯೊಳಗಿನ ಬೆರಳಚ್ಚು ಒದ್ದೆ ಕೈಯನ್ನೂ ಕಾಫಿ ಕುಯ್ದು ಕಪ್ಪಾದ ಬೆರಳನ್ನೂ ಗುರುತಿಸಲು ತಡವರಿಸುತ್ತದೆ. ಪಿನ್ ನೆನಪಿರಲಿ, ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.

ವಾರಂಟಿ ಇಲ್ಲ ಎಂದು ಕಳಿಸಿದರೆ ಬರಿಗೈಲಿ ಬರಬೇಡಿ. ಜಾಬ್ ಶೀಟ್, ಅಂದರೆ ಸರ್ವಿಸ್ ಸೆಂಟರಿನ ತಪಾಸಣೆ ಚೀಟಿ, ಕೇಳಿ, ನಿರಾಕರಣೆಯ ಕಾರಣ ಅದರಲ್ಲಿ ಬರೆಸಿ, ಗುಲಾಬಿ ಪಟ್ಟಿಯ ಮತ್ತು ಪೋರ್ಟಿನ ಫೋಟೋ ಅಲ್ಲೇ ತೆಗೆದುಕೊಳ್ಳಿ. ನೀರು ತಡೆಯುತ್ತದೆ ಎಂಬ ಜಾಹೀರಾತನ್ನೂ ಡಬ್ಬವನ್ನೂ ಜೋಪಾನ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮೊದಲು ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಮಡಿಕೇರಿಯಲ್ಲೇ ದೂರು ಹೂಡಬಹುದು. 5 ಲಕ್ಷ ರೂಪಾಯಿವರೆಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಆಗಬೇಕು, ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು.

ರಿಪೇರಿಗೆ ಕೊಡುವಾಗ ಒಂದು ಮಾತು. ಕಿಲುಬನ್ನು ಶೇ 99ರ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಮೆತ್ತನೆ ಬ್ರಷ್ಷಿನಲ್ಲಿ ತೊಳೆಯಬೇಕು, ಪೆಟ್ರೋಲ್, ತಿನ್ನರ್ ಬೇಡವೆಂದು ಹೇಳಿ. ಪೋರ್ಟ್ ಬೇರೆ ಸಣ್ಣ ಬೋರ್ಡಿನ ಮೇಲಿದ್ದರೆ ಅದನ್ನಷ್ಟೇ ಬದಲಿಸಬಹುದು, ಖರ್ಚು ಕಡಿಮೆ. ಮುಖ್ಯ ಬೋರ್ಡಿಗೇ ಬೆಸೆದಿದ್ದರೆ ಕೈ ಪಳಗಿದವರೇ ಮಾಡಬೇಕು. ಬೆನ್ನು ಬಿಚ್ಚಿದ ಮೇಲೆ ಆ ಮಾದರಿಗೇ ಕತ್ತರಿಸಿದ ಅಂಟುಪಟ್ಟಿ ತರಿಸಿ ಹಾಕಿಸಿ. ಅದು ಸಿಗದೆ ಬಿ-7000 ಗೋಂದಿನಲ್ಲೇ ಮುಚ್ಚಿದರೆ ಫೋನು ಇನ್ನು ಮುಂದೆ ನೀರು ತಡೆಯದು ಎಂದೇ ತಿಳಿದು ಬಳಸಿ. ಆ ಗೋಂದು ಪೂರ್ತಿ ಹಿಡಿಯಲು 24ರಿಂದ 48 ಗಂಟೆ ಬೇಕು. ಸಂಜೆಯೇ ಕೊಡಿ ಎಂದು ಅವಸರ ಮಾಡದೆ, ಕ್ಲಿಪ್ ಹಾಕಿ ಎರಡು ದಿನ ಅಂಗಡಿಯಲ್ಲೇ ಬಿಟ್ಟುಬನ್ನಿ.